ಮಳೆಗಾಲಕ್ಕೆ ಮುನ್ನ ಒಂದು ತೊಟ್ಟಿಲ ಕೌದಿ: ಹಳೆಯ ಸೀರೆಯಿಂದ ಹೊದಿಕೆಯವರೆಗೆ

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ, ಗದಗ ಮತ್ತು ಹಾವೇರಿಯ ಹಳ್ಳಿಗಳಲ್ಲಿ ಕೌದಿ (ಹಳೆಯ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಹೊದಿಕೆ) ಹೊದೆಯದೆ ಬೆಳೆದವರು ಕಡಿಮೆ. ಹೊಲಿಯಲು ಕೂರುವವರು ಮಾತ್ರ ಈಗ ಹುಡುಕಿದರೆ ಸಿಗುತ್ತಾರೆ. ಮನೆಯಲ್ಲಿ ಹಳೆಯ ಸೀರೆಗಳ ಗಂಟು ಬೆಳೆಯುತ್ತಲೇ ಇರುತ್ತದೆ, ಪಾತ್ರೆ ಮಾರುವವರು ಬಂದಾಗ ಒಂದು ಸ್ಟೀಲ್ ಬುಟ್ಟಿಗೆ ಅಷ್ಟೂ ಹೋಗುತ್ತದೆ. ಆ ಗಂಟಿನಿಂದ ಒಂದೇ ಒಂದು ಹತ್ತಿ ಸೀರೆಯನ್ನು ತೆಗೆದಿಟ್ಟುಕೊಂಡರೂ ಮಗುವಿನ ಕೌದಿಯೊಂದಕ್ಕೆ ಬೇಕಾದ ಅಡಿಬಟ್ಟೆ, ಒಳಪದರ ಎರಡೂ ಸಿಗುತ್ತವೆ. ಮೇಲಿನ ತುಂಡುಗಳಿಗೆ ಕುಬಸ, ಲಂಗ, ಅಂಗಿಗಳ ಚಿಂದಿ ಸಾಕು.

ಕೌದಿ ಕಲಿಯಬೇಕೆಂದು ಕೂತವರಲ್ಲಿ ಹೆಚ್ಚಿನವರು ಮೊದಲು ಬಣ್ಣಬಣ್ಣದ ಚೌಕಗಳನ್ನು ಕತ್ತರಿಸಲು ಶುರು ಮಾಡುತ್ತಾರೆ. ಮನಸ್ಸಿಗೆ ಹಿತವಾದ ಕೆಲಸ, ಸರಿ. ಆದರೆ ಕೌದಿ ಎಷ್ಟು ವರ್ಷ ಬಾಳುತ್ತದೆ, ಒಗೆದ ಮೇಲೆ ಗಂಟುಗಂಟಾಗುತ್ತದೋ ಸಪಾಟಾಗಿ ಉಳಿಯುತ್ತದೋ ಎಂಬುದು ಒಳಗೆ ಯಾವ ಬಟ್ಟೆ ಹಾಕಿದಿರಿ, ಅದನ್ನು ಹೇಗೆ ಹಾಸಿ ಕಚ್ಚಾ ಹೊಲಿಗೆ (ಆಮೇಲೆ ಕಿತ್ತು ತೆಗೆಯುವ ತಾತ್ಕಾಲಿಕ ಹೊಲಿಗೆ) ಹಾಕಿದಿರಿ ಎಂಬುದರ ಮೇಲೆ ನಿಂತಿದೆ. ಅದಕ್ಕಾಗಿಯೇ ಈ ಬರಹದಲ್ಲಿ ಚೌಕಗಳು ಬರುವುದು ತಡವಾಗಿ.

ಯಾವಾಗ, ಎಷ್ಟು ದೊಡ್ಡದು

ಕೌದಿ ಬೇಸಿಗೆಯ ಕೆಲಸ. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದಾಗ, ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರು ಸೇರಿ ಹೊಲಿಯುತ್ತಿದ್ದುದು ಸುಮ್ಮನಲ್ಲ. ಒಗೆದ ಬಟ್ಟೆ ಒಂದೇ ಬಿಸಿಲಿಗೆ ಒಣಗುತ್ತದೆ, ನೆಲ ತೇವವಿರುವುದಿಲ್ಲ, ಕೈ ಖಾಲಿ ಇರುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಶುರು ಮಾಡಿ ಕಾರಹುಣ್ಣಿಮೆಯೊಳಗೆ ಮುಗಿಸುವುದು ಒಳ್ಳೆಯ ಲೆಕ್ಕ. ಆಷಾಢದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಧಾರವಾಡದಲ್ಲಿ ದಪ್ಪ ಬಟ್ಟೆಯೊಂದನ್ನು ಒಣಗಿಸುವುದೇ ದೊಡ್ಡ ಪಾಡು.

ಮೊದಲ ಸಲ ಕೂರುವವರು ದೊಡ್ಡವರ ಕೌದಿಗೆ ಕೈ ಹಾಕಬೇಡಿ. 5 ಅಡಿ ಅಗಲ, 7 ಅಡಿ ಉದ್ದದ ಕೌದಿಯನ್ನು ಒಬ್ಬರೇ ಹೊಲಿಯಲು ಹೋದರೆ ಮಳೆಗಾಲವೂ ಮುಗಿಯುತ್ತದೆ, ಉತ್ಸಾಹವೂ ಮುಗಿಯುತ್ತದೆ. ಈ ಬರಹದ ಅಳತೆಗಳೆಲ್ಲ 40 ಇಂಚು ಉದ್ದ, 30 ಇಂಚು ಅಗಲದ ತೊಟ್ಟಿಲ ಕೌದಿಗೆ ಹೊಂದುವಂಥವು. ಮಗು ಇಲ್ಲದ ಮನೆಯಲ್ಲಿ ಇದೇ ಅಳತೆಯದು ಹಿರಿಯರ ಮೊಣಕಾಲ ಮೇಲೆ ಹೊದೆಸಲು, ಕುರ್ಚಿಯ ಮೇಲೆ ಹಾಸಲು ಬರುತ್ತದೆ.

ದಪ್ಪವನ್ನೂ ಈಗಲೇ ತೀರ್ಮಾನಿಸಿ. ಅಡಿಬಟ್ಟೆ, 3 ಒಳಪದರ, ಮೇಲಿನ ತುಂಡುಗಳು — ಒಟ್ಟು 5 ಪದರ ಧಾರವಾಡದ ಮಳೆಗಾಲಕ್ಕೆ ಸಾಕು. ಗದಗ ಕಡೆಯ ಒಣ ಚಳಿಗೆ ಇನ್ನೊಂದು ಪದರ ಸೇರಿಸಬಹುದು. ಅದಕ್ಕಿಂತ ಹೆಚ್ಚು ಹಾಕಿದರೆ ಸೂಜಿ ಏಳುವುದಿಲ್ಲ, ಬೆರಳು ನೋಯುತ್ತದೆ, ಹೊಲಿಗೆ ಉದ್ದವಾಗುತ್ತ ಹೋಗುತ್ತದೆ.

ಬಟ್ಟೆ ಆರಿಸುವುದು

ಹತ್ತಿಯೇ ಬೇಕು. ಪಾಲಿಯೆಸ್ಟರ್ ಸೀರೆ ಹಾಕಿದ ಕೌದಿ ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ, ಹೊಲಿಗೆ ಸಾಲು ನೆಟ್ಟಗೆ ಬರುವುದಿಲ್ಲ. ಈಗಿನ ಗಂಟುಗಳಲ್ಲಿ ಅಪ್ಪಟ ಹತ್ತಿ ಗುರುತಿಸುವುದೇ ಕಷ್ಟವಾದ್ದರಿಂದ ಎರಡು ಪರೀಕ್ಷೆ ಮಾಡಿ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ: ಹಲವು ಸಲ ಒಗೆದ ಹಳೆಯ ಹತ್ತಿ ತಕ್ಷಣ ಕುಡಿಯುತ್ತದೆ, ಪಾಲಿಯೆಸ್ಟರ್ ಮೇಲೆ ಹನಿ ಸ್ವಲ್ಪ ಹೊತ್ತು ಕೂರುತ್ತದೆ. ಇನ್ನೂ ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಕಡ್ಡಿ ಗೀರಿ ಸುಡಿ. ಹತ್ತಿ ಕಾಗದದಂತೆ ಸುಟ್ಟು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಕರಿ ಮಣಿಯಾಗುತ್ತದೆ. ಮಿಶ್ರ ನೂಲಿನದು ಎರಡನ್ನೂ ತೋರಿಸುತ್ತದೆ. ಅದನ್ನು ಮೇಲಿನ ತುಂಡುಗಳಿಗೆ ಬೇಕಾದರೆ ಬಳಸಿ, ಒಳಗೆ ಬೇಡ.

ಹಳೆಯ ಸೀರೆಯೊಂದು ಎಲ್ಲೆಡೆ ಒಂದೇ ಸಮ ಸವೆದಿರುವುದಿಲ್ಲ. ನೆರಿಗೆಯ ಕೆಳಗಂಚು, ಕೂರುವಾಗ ಒತ್ತುವ ಭಾಗ, ಹಿಮ್ಮಡಿ ತಾಗುವ ಜಾಗ ಮೊದಲು ಸೋಲುತ್ತವೆ. ಸೊಂಟದೊಳಗೆ ಸಿಕ್ಕಿಸಿಕೊಳ್ಳುವ ಒಳಸುತ್ತು ಮತ್ತು ಸೆರಗು ಬಹಳ ಸಲ ಹೊಸದರಂತೆಯೇ ಉಳಿದಿರುತ್ತವೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಎಳೆಗಳು ದೂರ ಸರಿದು ಜಾಳಾಗಿರುವ ಜಾಗ ಕಾಣಿಸುತ್ತದೆ. ಆಮೇಲೆ ಎರಡೂ ಹೆಬ್ಬೆರಳುಗಳಿಂದ ಅಡ್ಡಕ್ಕೆ ಎಳೆದು ನೋಡಿ. ಚಿರ್ರೆಂದು ಹರಿದರೆ ಅದು ಒಳಪದರಕ್ಕೆ. ತಡೆದುಕೊಂಡರೆ ಅಡಿಬಟ್ಟೆಗೆ. ನೆಲಕ್ಕೂ ಚಾಪೆಗೂ ಉಜ್ಜುವುದು ಅಡಿಬಟ್ಟೆಯೇ ಆದ್ದರಿಂದ ಇದ್ದುದರಲ್ಲಿ ಗಟ್ಟಿಯಾದದ್ದು ಅದಕ್ಕೇ ಮೀಸಲಿರಲಿ.

ಒಳಪದರಕ್ಕೆ ಮಲ್ಲಿನ ಧೋತರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅಜ್ಜನ ಹಳೆಯ ಬಿಳಿ ಧೋತರ ಒಗೆದೊಗೆದು ಹೂವಿನಷ್ಟು ಮೆತ್ತಗಾಗಿರುತ್ತದೆ, ಬಣ್ಣ ಬಿಡುವ ಭಯವೂ ಇಲ್ಲ. ಹೊಸ ಬಟ್ಟೆ ಕೊಳ್ಳಲೇಬೇಕಾದವರು ಖಾದಿಯನ್ನೋ ಬೆಟಗೇರಿಯ ಕೈಮಗ್ಗದ ಹತ್ತಿ ಬಟ್ಟೆಯನ್ನೋ ನೋಡಬಹುದು. ರಾಷ್ಟ್ರಧ್ವಜದ ಖಾದಿ ನೇಯುವ ಗರಗ, ಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿ ಎರಡೂ ನಮ್ಮ ಸೀಮೆಯಲ್ಲೇ ಇರುವಾಗ ಖಾದಿಗೆ ದೂರ ಹೋಗಬೇಕಿಲ್ಲ. ಹೊಸ ಬಟ್ಟೆಯಾದರೆ ಎರಡು ಸಲ ಬಿಸಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿ ಹಾಕಬೇಕು. ಹಳೆಯ ಬಟ್ಟೆ ಕುಗ್ಗುವಷ್ಟೂ ಕುಗ್ಗಿ ಮುಗಿದಿರುತ್ತದೆ, ಹೊಸದು ಕೌದಿಯೊಳಗೆ ಕುಗ್ಗಿ ಮೇಲಿನ ತುಂಡುಗಳನ್ನು ಸುಕ್ಕಾಗಿಸುತ್ತದೆ.

ಬಣ್ಣದ ವಿಷಯದಲ್ಲಿ ಕೆಂಪನ್ನು ನಂಬಬೇಡಿ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ (ಕುಬಸದ ಬಟ್ಟೆ) — ಕೌದಿಗೆ ಇವು ಕೊಡುವ ಮೆರುಗು ಬೇರೆ ಯಾವುದೂ ಕೊಡದು, ಆದರೆ ಬಣ್ಣ ಬಿಟ್ಟರೆ ಇಡೀ ಕೌದಿ ಹಾಳು. ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಯ ಮೇಲೆ ಕಲೆ ಮೂಡಿದರೆ ಮತ್ತೆ ಮತ್ತೆ ಒಗೆದು ಇದೇ ಪರೀಕ್ಷೆ ಮಾಡಿ. ನಾಲ್ಕನೆಯ ಸಲವೂ ಬಿಟ್ಟರೆ ಆ ತುಂಡಿನ ಆಸೆ ಬಿಡಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲ ಮನೆಯಲ್ಲೂ ಹೇಳುತ್ತಾರೆ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ. ಹಾಕಿ ಮುಗಿದ ಬಣ್ಣವನ್ನು ಅದು ಹಿಡಿದಿಡುವುದಿಲ್ಲ.

ಕೊನೆಗೆ ಎಲ್ಲ ಬಟ್ಟೆಯನ್ನೂ ಬಿಸಿ ನೀರಿನಲ್ಲಿ ನೆನೆಸಿ ಗಂಜಿ ಪೂರ್ತಿ ಬಿಡಿಸಿ. ಗಂಜಿ ಉಳಿದರೆ ಸೂಜಿಯೂ ಬಿಗಿ, ಬೆಳ್ಳಿಮೀನು ಹುಳಕ್ಕೂ ಹಬ್ಬ. ಜರಿ ಅಂಚು, ಗುಂಡಿ, ಹುಕ್ಕು, ಚಮಕಿ ಎಲ್ಲವನ್ನೂ ಕಿತ್ತು ಬೇರೆ ಡಬ್ಬಿಗೆ ಹಾಕಿ. ಮಗುವಿನ ಚರ್ಮಕ್ಕೆ ಜರಿ ಪರಚುತ್ತದೆ.

ಸೂಜಿ, ದಾರ

ದಬ್ಬಣ ಬೇಡ. ಚೀಲ ಹೊಲಿಯುವ ದಬ್ಬಣ ಹಳೆಯ ಸೀರೆಯಲ್ಲಿ ತೂತು ಉಳಿಸುತ್ತದೆ. ಎರಡು ಇಂಚಿನಷ್ಟು ಉದ್ದದ, ಕಣ್ಣು ಸ್ವಲ್ಪ ಅಗಲವಿರುವ ಕೈಹೊಲಿಗೆಯ ಸೂಜಿ ನಾಲ್ಕೈದು ಇರಲಿ. ದಾರವೂ ಹತ್ತಿಯದೇ ಆಗಲಿ. ಮಶಿನ್ನಿಗೆ ಹಾಕುವ 40 ನಂಬರಿನ ದಾರ ತೆಳುವಾಯಿತು, 10 ಅಥವಾ 20 ನಂಬರಿನದು ಕೇಳಿ. ನಂಬರು ಇಳಿದಷ್ಟೂ ದಾರ ದಪ್ಪ. ಹುಬ್ಬಳ್ಳಿಯಲ್ಲಿ ದುರ್ಗದಬೈಲ್ ಸುತ್ತಲಿನ ಗಲ್ಲಿಗಳಲ್ಲಿ, ಧಾರವಾಡದಲ್ಲಿ ಸುಭಾಸ ರಸ್ತೆಯ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೌದಿಗೆಂದು ಹೇಳಿದರೆ ತೆಗೆದುಕೊಡುತ್ತಾರೆ. ನಮ್ಮ ಅಳತೆಯ ಕೌದಿಗೆ ಒಂಟಿ ಎಳೆಯಲ್ಲಿ ಸುಮಾರು 60 ಮೀಟರ್ ಬೇಕು, ಸ್ವಲ್ಪ ಹೆಚ್ಚೇ ತನ್ನಿ. ನಡುವೆ ಮುಗಿದರೆ ಅದೇ ಬಣ್ಣದ್ದು ಮತ್ತೆ ಸಿಗುವುದು ಅನುಮಾನ. ಬಿಳಿ ದಾರವೇ ಚೆಂದ ಎಂಬುದು ನನ್ನ ಅಭಿಪ್ರಾಯ. ಎಲ್ಲ ಬಣ್ಣಗಳ ಮೇಲೂ ಹೊಲಿಗೆ ಸಾಲು ಎದ್ದು ಕಾಣುತ್ತದೆ.

ಇನ್ನು ಬೇಕಾದ್ದು ಕತ್ತರಿ, ಟೇಪು, ಸೀಮೆಸುಣ್ಣ, ಒಂದು ತುಂಡು ಜೇನುಮೇಣ, ಬೆರಳಿಗೆ ಅಂಗುಸ್ತಾನ. ಅಂಗುಸ್ತಾನ ಮೊದಮೊದಲು ಕೈಗೆ ಅಡ್ಡ ಅನ್ನಿಸುತ್ತದೆ. ಅಂಚಿನಲ್ಲಿ ಏಳು ಪದರ ಒಟ್ಟಾಗಿ ಚುಚ್ಚುವಾಗ ಅದರ ಬೆಲೆ ತಿಳಿಯುತ್ತದೆ.

ಕತ್ತರಿಸುವುದು

ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದರೆ 216 ಇಂಚು ಉದ್ದ. ಅಗಲ 45 ಇಂಚಿನಷ್ಟು. ಅಡಿಬಟ್ಟೆಗೆ 44 ಇಂಚು × 34 ಇಂಚು, ಒಳಪದರಗಳಿಗೆ 40 × 30 ಇಂಚಿನ ಮೂರು ತುಂಡು. ಸೀರೆಯ ಅಗಲವೇ ಕೌದಿಯ ಉದ್ದಕ್ಕೆ ಬರುವಂತೆ ಹಿಡಿದರೆ ಈ ನಾಲ್ಕಕ್ಕೆ 124 ಇಂಚು ಸೀರೆ ಸಾಕು, ಎಲ್ಲೂ ಜೋಡು ಹಾಕಬೇಕಿಲ್ಲ. ಉಳಿದದ್ದು ಮೇಲಿನ ತುಂಡುಗಳಿಗೆ.

ಅಡ್ಡಕ್ಕೆ ಕತ್ತರಿಸುವಾಗ ಅಂಚನ್ನು ಕತ್ತರಿಯಿಂದ ಚಿಟಿಕೆ ಹೊಡೆದು, ಉಳಿದದ್ದನ್ನು ಕೈಯಿಂದ ಹರಿಯಿರಿ. ಬಟ್ಟೆ ತನ್ನ ಎಳೆಯ ಗುಂಟ ತಾನೇ ನೇರವಾಗಿ ಹರಿಯುತ್ತದೆ, ಯಾವ ಸ್ಕೇಲಿನಿಂದಲೂ ಅಷ್ಟು ನೇರ ಬರುವುದಿಲ್ಲ. ಆಚೆಯ ಅಂಚು ಹರಿಯಲು ಒಪ್ಪುವುದಿಲ್ಲ, ಅಲ್ಲಿ ಮತ್ತೆ ಕತ್ತರಿ. ಬಹಳ ಸವೆದ ಸೀರೆ ಹರಿಯುವಾಗ ದಿಕ್ಕು ತಪ್ಪಿದರೆ ಕತ್ತರಿಯೇ ಲೇಸು.

ಹಾಸುವುದು ಮತ್ತು ಕಚ್ಚಾ ಹೊಲಿಗೆ

ಇಲ್ಲಿ ಅವಸರ ಮಾಡಬೇಡಿ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಕೊಡಿ.

ನೆಲ ಒರೆಸಿ ಒಣಗಿಸಿ. ಅಡಿಬಟ್ಟೆಯನ್ನು ಚೆಂದದ ಮಗ್ಗುಲು ಕೆಳಗಾಗಿ ಹಾಸಿ. ನಾಲ್ಕೂ ಮೂಲೆಗೆ, ನಾಲ್ಕೂ ಬದಿಯ ನಡುವಿಗೆ ಅಂಟುಪಟ್ಟಿ ಹಚ್ಚಿ ನೆಲಕ್ಕೆ ಕೂರಿಸಿ. ಬಟ್ಟೆ ಸಪಾಟಾಗಿರಬೇಕು, ಆದರೆ ಎಳೆದು ಬಿಗಿದಿರಬಾರದು. ಬಿಗಿದು ಕೂರಿಸಿದ ಬಟ್ಟೆ ಅಂಟುಪಟ್ಟಿ ಬಿಚ್ಚಿದ ಕೂಡಲೇ ಹಿಂದಕ್ಕೆ ಸರಿಯುತ್ತದೆ, ಮೇಲಿನ ಪದರಗಳೆಲ್ಲ ಉಬ್ಬುತ್ತವೆ. ಅಂಗೈಯಿಂದ ನಡುವಿನಿಂದ ಹೊರಗೆ ಸವರಿ. ಇದರ ಮೇಲೆ ಸುತ್ತಲೂ 2 ಇಂಚು ಬಿಟ್ಟು ಮೊದಲ ಒಳಪದರ ಹಾಸಿ, ಮತ್ತೆ ಸವರಿ. ಎರಡನೆಯದು, ಮೂರನೆಯದು ಹಾಗೆಯೇ. ಪ್ರತಿ ಪದರವನ್ನೂ ಸವರದೆ ಮೂರನ್ನೂ ಒಟ್ಟಿಗೆ ಹಾಕಿದರೆ ಒಳಗಿನ ಮಡಿಕೆ ಮೇಲಿನಿಂದ ಕಾಣುವುದಿಲ್ಲ, ಒಗೆದ ಮೇಲೆ ಹಗ್ಗದಂತೆ ಗಂಟಾಗಿ ಮಗುವಿನ ಬೆನ್ನಿಗೆ ಒತ್ತುತ್ತದೆ. ಒಳಪದರದಲ್ಲಿ ತೂತು ಇದ್ದರೆ ಅದೇ ಜಾಗಕ್ಕೆ ಒಂದು ತುಂಡು ಇಡಿ. ಒಂದರ ತೂತಿನ ಮೇಲೆ ಇನ್ನೊಂದರ ತೂತು ಬರದಂತೆ ತಿರುಗಿಸಿ ಹಾಸಿದರೂ ಆದೀತು.

ಈಗ ಒಂದೊಂದೇ ಬದಿಯ ಅಂಟುಪಟ್ಟಿ ಬಿಚ್ಚಿ, ಅಡಿಬಟ್ಟೆಯ ಸುತ್ತಲಿನ 2 ಇಂಚನ್ನು ಒಳಪದರಗಳ ಮೇಲೆ ಮಡಿಸಿ, ಮತ್ತೆ ಅಂಟುಪಟ್ಟಿ ಹಚ್ಚಬೇಕು. ಮೂಲೆಯಲ್ಲಿ ಬಟ್ಟೆ ಗುಡ್ಡೆಯಾಗದಂತೆ ಮೊದಲು ಅಡಿಬಟ್ಟೆಯ ಪ್ರತಿ ಮೂಲೆಯಿಂದ ಒಂದು ಸಣ್ಣ ತ್ರಿಕೋನ ಕತ್ತರಿಸಿ ತೆಗೆದು, ಉಳಿದದ್ದನ್ನು ಓರೆಯಾಗಿ ಮಡಿಸಿ, ಆಮೇಲೆ ಎರಡೂ ಬದಿ ಮಡಿಸಿ. ಮಡಿಸಿದ ಅಂಚನ್ನು ಇನ್ನೊಮ್ಮೆ ಒಳಗೆ ಸೇರಿಸುವ ಅಗತ್ಯವಿಲ್ಲ, ಮೇಲೆ ಬರುವ ತುಂಡುಗಳು ಅದನ್ನು ಮುಚ್ಚುತ್ತವೆ.

ಕಚ್ಚಾ ಹೊಲಿಗೆಗೆ ಕೌದಿಯಲ್ಲಿ ಎಲ್ಲೂ ಇಲ್ಲದ ಬಣ್ಣದ ದಾರ ತೆಗೆದುಕೊಳ್ಳಿ, ಕಿತ್ತು ತೆಗೆಯುವಾಗ ಗುರುತು ಸಿಗುತ್ತದೆ. ಸರಿಯಾಗಿ ನಡುವಿನಿಂದ ಶುರು ಮಾಡಿ. ಎರಡು ಎರಡೂವರೆ ಇಂಚಿನ ದೊಡ್ಡ ಹೊಲಿಗೆಗಳಲ್ಲಿ ನಡುವಿನಿಂದ ಮೇಲಕ್ಕೆ, ನಡುವಿನಿಂದ ಕೆಳಕ್ಕೆ, ಎಡಕ್ಕೆ, ಬಲಕ್ಕೆ, ಆಮೇಲೆ ನಾಲ್ಕು ಮೂಲೆಗೆ. ಪ್ರತಿಯೊಂದು ಸಾಲೂ ನಡುವಿನಿಂದಲೇ ಹೊರಡಬೇಕು, ಆಗ ಸಡಿಲ ಬಟ್ಟೆ ಅಂಚಿನ ಕಡೆಗೆ ಸರಿದು ಹೋಗುತ್ತದೆ. ಬಳಿಕ ಒಂದು ಗೇಣು ಅಂತರದಲ್ಲಿ ಅಡ್ಡ, ಉದ್ದ ಸಾಲುಗಳನ್ನು ಹಾಕಿ. ಕೊನೆಗೆ ಅಂಚಿನ ಸುತ್ತ ಒಂದು ಸಾಲು. ಸೂಜಿ ನೆಲಕ್ಕೆ ತಾಗಿ ಕಿರ್ರೆನ್ನಬೇಕು. ಆಗ ಮಾತ್ರ ಎಲ್ಲ ಪದರಗಳೂ ಸಿಕ್ಕಿವೆ ಎಂದು ಗೊತ್ತಾಗುತ್ತದೆ. ದಾರದ ತುದಿಗೆ ಗಂಟು ಬೇಡ, ಒಂದು ಮರುಹೊಲಿಗೆ (ಅದೇ ಜಾಗಕ್ಕೆ ಹಿಂದಿರುಗಿ ಹಾಕುವ ಹೊಲಿಗೆ) ಸಾಕು.

ಅಂಟುಪಟ್ಟಿ ಬಿಚ್ಚಿ, ಇಡೀ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಒದರಿ ನೋಡಿ. ತಿರುಗಿಸಿ ಅಡಿಬಟ್ಟೆಯ ಮೇಲೆ ಕೈಯಾಡಿಸಿ. ಮಡಿಕೆ ಸಿಕ್ಕರೆ ಆ ಭಾಗದ ಕಚ್ಚಾ ಹೊಲಿಗೆ ಬಿಚ್ಚಿ ಮತ್ತೆ ಹಾಸಿ. ಇದನ್ನು ಈಗ ಸರಿಪಡಿಸಲು ಹತ್ತು ನಿಮಿಷ ಸಾಕು, ಹೊಲಿಗೆ ಮುಗಿದ ಮೇಲೆ ಸರಿಪಡಿಸಲು ಬರುವುದೇ ಇಲ್ಲ.

ಮೇಲಿನ ತುಂಡುಗಳು

5 ಇಂಚಿನ ಚೌಕಗಳನ್ನು 70ರಷ್ಟು ಕತ್ತರಿಸಿಕೊಳ್ಳಿ, ಕೆಲವು ಉಳಿಯುತ್ತವೆ. ಅಳತೆ ಕೂದಲೆಳೆಯಷ್ಟು ಆಚೀಚೆಯಾದರೆ ಗಾಬರಿ ಬೇಡ, ಈ ಪದ್ಧತಿಯಲ್ಲಿ ಒಂದರ ಅಂಚನ್ನು ಇನ್ನೊಂದು ಮುಚ್ಚುತ್ತದೆ. ನಮ್ಮ ಕೌದಿಗೂ, ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಕೊಂಡು ಆಮೇಲೆ ಪದರಗಳ ಮೇಲೆ ಹಾಕುವ ಪದ್ಧತಿಗೂ ಇರುವ ವ್ಯತ್ಯಾಸ ಇದೇ. ಇಲ್ಲಿ ಜೋಡಿಸುವುದು, ಪದರಗಳನ್ನು ಹಿಡಿಸುವುದು ಎರಡೂ ಒಂದೇ ದಾರದಲ್ಲಿ ಒಂದೇ ಸಲಕ್ಕೆ ಆಗುತ್ತವೆ.

ಹೊರ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರಬೇಕು. ಒಂದು ಮೂಲೆಯಲ್ಲಿ ಮೊದಲ ಚೌಕ ಇಡಿ. ಮೂಲೆಯ ಎರಡು ಹೊರ ಬದಿಗಳನ್ನು ಕಾಲು ಇಂಚು ಒಳಗೆ ಮಡಿಸಿ, ಮಡಿಕೆ ಸರಿಯಾಗಿ ಕೌದಿಯ ಅಂಚಿಗೆ ಬರಲಿ. ಉಳಿದೆರಡು ಬದಿ ಹಾಗೆಯೇ ಬಿಡಿ. ಎರಡನೆಯ ಚೌಕದ ಹೊರ ಬದಿ ಮತ್ತು ಮೊದಲನೆಯದನ್ನು ಮುಟ್ಟುವ ಬದಿ ಮಡಿಸಿ, ಮೊದಲನೆಯದರ ಮೇಲೆ ಅರ್ಧ ಇಂಚು ಹತ್ತಿಸಿ ಇಡಿ. ಹೀಗೆ ಪ್ರತಿ ಚೌಕಕ್ಕೂ ಎರಡೇ ಬದಿ ಮಡಿಸಿದರೆ ಸಾಕು, ಮುಂದಿನ ಮೂರು ಮೂಲೆಗಳ ಚೌಕಗಳಿಗೆ ಮಾತ್ರ ಎರಡು ಹೊರ ಬದಿ ಸೇರಿ ಮೂರು ಬದಿ. ಮಡಿಸದ ಬದಿಗಳನ್ನು ಪಕ್ಕದ ಚೌಕವೂ ಮುಂದಿನ ಸುತ್ತಿನ ಚೌಕವೂ ಮುಚ್ಚುತ್ತವೆ. ಸುತ್ತಿನ ಕೊನೆಯ ಚೌಕ ಎರಡೂ ನೆರೆಯ ಚೌಕಗಳ ಮೇಲೆ ಕೂರಬೇಕಾದ್ದರಿಂದ ಅದಕ್ಕೂ ಮೂರು ಬದಿ ಮಡಿಸಬೇಕು, ಅಗಲವನ್ನೂ ಉಳಿದ ಜಾಗಕ್ಕೆ ತಕ್ಕಂತೆ ಹೊಂದಿಸಬೇಕು.

ಎಲ್ಲವನ್ನೂ ಒಮ್ಮೆಲೇ ಜೋಡಿಸಿ ಪಿನ್ನು ಚುಚ್ಚಿಡುವ ಆಸೆಯಾಗುತ್ತದೆ. ಒಂದು ಬಾರಿಗೆ ನಾಲ್ಕೈದು ಚೌಕ ಇಟ್ಟು, ಹೊಲಿದು, ಮುಂದೆ ಹೋಗಿ. ಬಣ್ಣದ ಅಂದಾಜಿಗಾಗಿ ಶುರುವಿನಲ್ಲಿ ಒಮ್ಮೆ ಎಲ್ಲವನ್ನೂ ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಸಾಕು. ಗಾಢ ಬಣ್ಣದ ಪಕ್ಕದಲ್ಲಿ ತಿಳಿ ಬಣ್ಣ ಬಂದರೆ ಚೌಕ ಎದ್ದು ಕಾಣುತ್ತದೆ. ಅದಕ್ಕಿಂತ ಹೆಚ್ಚಿನ ನಿಯಮ ನಾನು ಹೇಳುವುದಿಲ್ಲ. ಮನೆಯಲ್ಲಿದ್ದ ಬಟ್ಟೆಗೆ ತಕ್ಕ ಕೌದಿ ಆಗುತ್ತದೆ.

ಮೂರು ಸುತ್ತು ಮುಗಿದಾಗ ನಡುವೆ ಮೂರೂವರೆ ಇಂಚು ಅಗಲ, ಹದಿಮೂರೂವರೆ ಇಂಚು ಉದ್ದದ ಪಟ್ಟಿಯಷ್ಟು ಜಾಗ ಖಾಲಿ ಉಳಿಯುತ್ತದೆ. ಅದಕ್ಕೆ 5 × 15 ಇಂಚಿನ ಒಂದೇ ತುಂಡನ್ನು ನಾಲ್ಕೂ ಬದಿ ಮಡಿಸಿ, ಸುತ್ತಲೂ ಅರ್ಧ ಇಂಚು ಹತ್ತಿಸಿ ಹಾಕಿ. ಖಣವಿದ್ದರೆ ಇಲ್ಲಿಗೇ ಇಟ್ಟುಕೊಂಡಿರಿ. ನಿಮ್ಮ ಕೈಹೊಲಿಗೆಯಲ್ಲಿ ಆ ಜಾಗ ಸ್ವಲ್ಪ ಹಿಗ್ಗಿರಬಹುದು, ಕುಗ್ಗಿರಬಹುದು. ಅಳೆದು ಕತ್ತರಿಸಿ.

ಹೊಲಿಗೆ

ದಾರ ಬೆರಳ ತುದಿಯಿಂದ ಮೊಣಕೈವರೆಗೆ ಒಂದೂವರೆ ಪಟ್ಟು ಇದ್ದರೆ ಸಾಕು. ಉದ್ದ ದಾರ ಸಿಕ್ಕುಬೀಳುತ್ತದೆ, ಪದೇ ಪದೇ ಬಟ್ಟೆಯೊಳಗೆ ಹಾದು ಸವೆಯುತ್ತದೆ. ಮೇಣದ ಮೇಲೆ ಎರಡು ಸಲ ಎಳೆದು ಬೆರಳಿನಿಂದ ಸವರಿ. ತುದಿಯ ಗಂಟು ಚೌಕದ ಮಡಿಕೆಯ ಕೆಳಗೆ ಅಡಗಲಿ.

ಒಂದು ಕಾಲು ಮಡಿಚಿ ಕೂತು, ಹೊಲಿಯುವ ಭಾಗವನ್ನು ತೊಡೆಯ ಮೇಲೆಳೆದುಕೊಳ್ಳಿ. ಎಡಗೈ ಬಟ್ಟೆಯ ಕೆಳಗೆ, ಬಲಗೈ ಮೇಲೆ. ಸೂಜಿಯನ್ನು ಇಳಿಸಿದಾಗ ಕೆಳಗಿನ ತೋರುಬೆರಳಿಗೆ ಅದರ ಮೊನೆ ಸ್ವಲ್ಪವೇ ತಾಗಬೇಕು. ತಾಗಿದ ಕೂಡಲೇ ಬೆರಳಿನಿಂದ ಬಟ್ಟೆಯನ್ನು ಮೇಲಕ್ಕೆ ಒತ್ತಿ ಸೂಜಿ ಏಳಿಸಿ. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಸೇರಿದ ಮೇಲೆ ಎಳೆಯಿರಿ. ಮೇಲೆ ಕಾಣುವ ಹೊಲಿಗೆ ಸುಮಾರು ಕಾಲು ಇಂಚು, ನಡುವಿನ ಅಂತರವೂ ಅಷ್ಟೇ. ಅಡಿಯಲ್ಲೂ ಅದೇ ಅಳತೆ ಬರುತ್ತಿದೆಯೇ ಎಂದು ಆಗಾಗ ತಿರುಗಿಸಿ ನೋಡಿ. ಮೇಲೆ ಉದ್ದ, ಕೆಳಗೆ ಚುಕ್ಕಿ ಎಂಬಂತಿದ್ದರೆ ಅಡಿಬಟ್ಟೆ ಸರಿಯಾಗಿ ಸಿಕ್ಕಿಲ್ಲವೆಂದು ಅರ್ಥ.

ಮೊದಲ ಸಾಲು ಅಂಚಿನಿಂದ ಕಾಲು ಇಂಚು ಒಳಗೆ. ಇಲ್ಲಿ ಪದರ ಹೆಚ್ಚು, ಒಂದೊಂದೇ ಹೊಲಿಗೆ ಚುಚ್ಚಿ ಎಳೆಯಬೇಕಾಗುತ್ತದೆ. ಮುಂದಿನ ಸಾಲುಗಳು ಒಂದು ಬೆರಳು, ಅಂದರೆ ಸುಮಾರು ಮುಕ್ಕಾಲು ಇಂಚಿನ ಅಂತರದಲ್ಲಿ, ಅಂಚಿಗೆ ಸಮನಾಗಿ ಸುತ್ತುತ್ತ ಹೋಗಲಿ. ಮೂಲೆಗೆ ಬಂದಾಗ ಸೂಜಿಯನ್ನು ಮೂಲೆಯಲ್ಲೇ ಇಳಿಸಿ ತಿರುಗಿಸಿ. ಚೌಕಗಳ ನಡುವಿನ ಜೋಡಿನ ಮೇಲೂ ಒಂದು ಸಾಲು ಹಾಕಿ. ಒಂದು ಸುತ್ತಿನ ಚೌಕಗಳ ಒಳಬದಿಗೆ ಒಂದು ಇಂಚು ಬಾಕಿ ಇರುವಾಗ ನಿಲ್ಲಿಸಿ, ಮುಂದಿನ ಸುತ್ತಿನ ಚೌಕಗಳನ್ನು ಅರ್ಧ ಇಂಚು ಹತ್ತಿಸಿ ಇಟ್ಟು ಮತ್ತೆ ಮುಂದುವರಿಯಿರಿ.

ದಾರದ ಬಿಗಿಯ ಬಗ್ಗೆ ಒಂದು ಮಾತು. ಪ್ರತಿ ಸುತ್ತು ಮುಗಿದಾಗ ಕೌದಿಯನ್ನು ನೆಲದ ಮೇಲೆ ಹಾಸಿ ನೋಡಿ. ಅಂಚು ಅಲೆ ಅಲೆಯಾಗಿ ಎದ್ದಿದ್ದರೆ ಒಳಗಿನ ಸಾಲು ಬಿಗಿಯಾಗಿದೆ. ಅಂಚು ನೆಟ್ಟಗಿದ್ದು ನಡುವು ಬುಟ್ಟಿಯಂತೆ ಉಬ್ಬಿದ್ದರೆ ಹೊರಗಿನ ಸಾಲು ಬಿಗಿಯಾಗಿದೆ. ಬಿಗಿಯಾದ ಸಾಲಿನ ದಾರವನ್ನು ನಾಲ್ಕು ಕಡೆ ಕತ್ತರಿಸಿ ತೆಗೆದು ಮತ್ತೆ ಹಾಕುವುದೇ ದಾರಿ. ಇಸ್ತ್ರಿಯಿಂದ ಅದು ಸರಿಹೋಗುವುದಿಲ್ಲ. ದಾರ ಎಳೆದ ಮೇಲೆ ಸಾಲಿನ ಗುಂಟ ಬೆರಳಿನಿಂದ ಒಮ್ಮೆ ಹಿಂದಕ್ಕೆ ಸವರುವ ರೂಢಿ ಮಾಡಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ದಾರ ಮುಗಿಯುವಾಗ ಎರಡು ಮರುಹೊಲಿಗೆ ಹಾಕಿ, ತುದಿಯನ್ನು ಪದರಗಳ ನಡುವೆ ಒಂದು ಇಂಚು ಓಡಿಸಿ ಕತ್ತರಿಸಿ. ಹೊರಗೆ ಬಾಲ ಬಿಡಬೇಡಿ. ಎಳೆಯ ಮಗುವಿನ ಬೆರಳಿಗೆ ಸಡಿಲ ದಾರ ಸುತ್ತಿಕೊಳ್ಳಬಹುದು. ಇದೇ ಕಾರಣಕ್ಕೆ ತೊಟ್ಟಿಲ ಕೌದಿಯ ಅಂಚಿಗೆ ಕ್ರೋಶಾ ಲೇಸು, ಕುಚ್ಚು ಬೇಡ. ಆಸೆಯಿದ್ದರೆ ದೊಡ್ಡವರ ಕೌದಿಗೆ ಹಾಕಿ.

ಮಶಿನ್ನಿನಲ್ಲಿ ಹೊಲಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಬೇಗವೂ ಆಗುತ್ತದೆ. ಆದರೆ ಮಶಿನ್ನಿನ ಹೊಲಿಗೆ ಪದರಗಳನ್ನು ಅದುಮಿಬಿಡುತ್ತದೆ, ಕೌದಿ ಜಮಖಾನೆಯ ಹಾಗೆ ಸೆಟೆದು ಕೂರುತ್ತದೆ. ನವಲಗುಂದದ ಜಮಖಾನೆಗೆ ಆ ಗಟ್ಟಿತನ ಭೂಷಣ, ಹೊದೆಯುವ ಕೌದಿಗೆ ಅಲ್ಲ.

ನಡುವಿನ ಪಟ್ಟಿಯ ನಾಲ್ಕೂ ಬದಿ ಹೊಲಿದು, ಅದರೊಳಗೂ ಅದೇ ಅಂತರದಲ್ಲಿ ಸಾಲು ಹಾಕಿದರೆ ಹೊಲಿಗೆ ಮುಗಿಯಿತು. ಧಾರವಾಡದ ಪಕ್ಕದ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಯ ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ, ಅದಿಲ್ಲದ ಕೌದಿ ಅವರಿಗೆ ಕೌದಿಯೇ ಅಲ್ಲ. ಕೆಲವು ಮನೆಗಳಲ್ಲಿ ಕೌದಿಯ ಹೊಟ್ಟೆ ತುಂಬಿರಲಿ ಎಂದು ಒಂದು ಮೂಲೆಯಲ್ಲಿ ರೊಟ್ಟಿಯ ಚೂರನ್ನೋ ಅಕ್ಕಿ ಕಾಳನ್ನೋ ಇಟ್ಟು ಮುಚ್ಚುವ ರೂಢಿಯಿದೆ. ಶಾಸ್ತ್ರ ಬಿಡಲಾಗದಿದ್ದರೆ ನಾಲ್ಕೇ ಅಕ್ಕಿ ಕಾಳು ಸಾಕು. ರೊಟ್ಟಿ ಇಟ್ಟರೆ ಇರುವೆ ಬರುವುದು ಖಂಡಿತ.

ಮೊದಲ ನೀರು, ಆಮೇಲಿನ ಆರೈಕೆ

ಕಚ್ಚಾ ಹೊಲಿಗೆಯನ್ನೆಲ್ಲ ಕಿತ್ತು, ಮರೆತ ಪಿನ್ನು ಒಳಗಿದೆಯೇ ಎಂದು ಇಡೀ ಕೌದಿಯನ್ನು ಅಂಗೈಯಿಂದ ಒತ್ತಿ ನೋಡಿ. ತಣ್ಣೀರಿನಲ್ಲಿ ಸ್ವಲ್ಪ ಸಾಬೂನು ಹಾಕಿ ಅರ್ಧ ಗಂಟೆ ನೆನೆಸಿ, ಕಾಲಿನಿಂದ ಮೆಲ್ಲಗೆ ತುಳಿದು, ಮೂರು ನೀರು ಬದಲಿಸಿ. ಹಿಂಡಬೇಡಿ. ಹಿಂಡಿದರೆ ಹಳೆಯ ಒಳಪದರ ಒಳಗೇ ಹರಿಯುತ್ತದೆ. ಬಾವಿ ಕಟ್ಟೆಯ ಮೇಲೋ ಮಾಳಿಗೆಯ ಗೋಡೆಯ ಮೇಲೋ ಹಾಕಿ ನೀರು ಸೋರಲು ಬಿಟ್ಟು, ಆಮೇಲೆ ಎರಡು ಹಗ್ಗಗಳ ಮೇಲೆ ಭಾರ ಹಂಚುವಂತೆ ಹರವಿ. ಒಣಗಿದ ಮೇಲೆ ಹೊಲಿಗೆ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ಕೌದಿಗೆ ಅದರ ನಿಜವಾದ ಮೈ ಬರುತ್ತದೆ. ಇಸ್ತ್ರಿ ಮಾಡಿ ಅದನ್ನು ಕೆಡಿಸಬೇಡಿ.

ಒಂದು ವರ್ಷದೊಳಗಿನ ಕೂಸನ್ನು ಮಲಗಿಸುವಾಗ ಕೌದಿಯನ್ನು ಕೆಳಗೆ ಬಿಗಿಯಾಗಿ ಹಾಸಿರಿ. ಮೇಲೆ ಸಡಿಲವಾಗಿ ಹೊದೆಸಿ ಬಿಟ್ಟು ಹೋಗಬೇಡಿ. ನಿದ್ದೆಯಲ್ಲಿ ಮುಖದ ಮೇಲೆ ಬಂದರೆ ಅದನ್ನು ಸರಿಸುವ ಶಕ್ತಿ ಕೂಸಿಗಿರುವುದಿಲ್ಲ.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದೇ ದಿನ ಕೌದಿಯನ್ನೂ ಪರೀಕ್ಷಿಸಿ. ಸಾಲು ಬಿಟ್ಟಿದ್ದರೆ ಅಷ್ಟೇ ಭಾಗ ಮತ್ತೆ ಹೊಲಿಯಿರಿ. ಚೌಕ ಸವೆದಿದ್ದರೆ ಕೀಳಬೇಡಿ, ಅದರ ಮೇಲೆಯೇ ನಾಲ್ಕೂ ಬದಿ ಮಡಿಸಿದ ಹೊಸ ತುಂಡು ಕೂರಿಸಿ. ಅಡಿಬಟ್ಟೆಯೇ ಸೋತಿದ್ದರೆ ಇಡೀ ಕೌದಿಯನ್ನು ಮುಂದಿನ ಬೇಸಿಗೆಯ ಹೊಸ ಕೌದಿಗೆ ಒಳಪದರವಾಗಿ ಹಾಕಬಹುದು, ಆಗ ಬೇರೆ ಒಳಬಟ್ಟೆ ಬೇಕಿಲ್ಲ.

ದೊಡ್ಡ ಕೌದಿಗೆ ಹೋಗುವವರಿಗೆ ಲೆಕ್ಕ ಇಷ್ಟು: 5 × 7 ಅಡಿಯ ಒಂದು ಪದರಕ್ಕೆ 5 ಅಡಿ ಉದ್ದದ ಎರಡು ಸೀರೆ ತುಂಡುಗಳನ್ನು ಅಂಚಿಗೆ ಅಂಚು ಜೋಡಿಸಬೇಕು, ಅಡಿಬಟ್ಟೆಗೆ ಮಾತ್ರ ಮಡಿಕೆಗೆಂದು ಸುತ್ತಲೂ 2 ಇಂಚು ಹೆಚ್ಚು ಬಿಡಿ. ದಾರ ಸುಮಾರು 250 ಮೀಟರ್. ಒಳಪದರಗಳ ಜೋಡು ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. ಹಾಸುವ ದಿನ ಕನಿಷ್ಠ ಇಬ್ಬರಾದರೂ ಬೇಕು, ನಾಲ್ವರಿದ್ದರೆ ನಾಲ್ಕು ಬದಿಗೆ ಕೂತು ಒಟ್ಟಿಗೆ ಹೊಲಿಯಬಹುದು. ಒಬ್ಬೊಬ್ಬರ ಕೈಬಿಗಿ ಒಂದೊಂದು ತರಹ ಇರುವುದರಿಂದ ಪ್ರತಿ ಸುತ್ತಿಗೆ ಜಾಗ ಬದಲಿಸಿ ಕೂತರೆ ಕೌದಿ ಒಂದು ಕಡೆಗೆ ಸೊಟ್ಟಗಾಗುವುದಿಲ್ಲ.

ಎತ್ತಿಡುವಾಗ ಪೂರ್ತಿ ಒಣಗಿರಬೇಕು, ಮಡಿಕೆಯ ನಡುವೆ ಒಣಗಿದ ಬೇವಿನ ಎಲೆ ಹಾಕಬಹುದು. ನುಸಿಗುಳಿಗೆ ಇಟ್ಟ ಪೆಟ್ಟಿಗೆಯಲ್ಲಿ ಮಗುವಿನ ಕೌದಿ ಇಡಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಶಿಶುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ.